ತೂತು ಬಿದ್ದ ಪ್ಲಾಸ್ಟಿಕ್ ಬಾತಿಗೆ ಗೋಣಿ ಹೊದಿಸುವುದು

ಬೇಟೆಯಲ್ಲಿ ಕಾಡುಬಾತುಗಳನ್ನು ಸೆಳೆಯಲು ನೀರಲ್ಲಿ ತೇಲಿಬಿಡುವ ಪ್ಲಾಸ್ಟಿಕ್ ಬಾತು ಸಾಮಾನ್ಯವಾಗಿ ಕೆಡುವುದು ಎರಡು ಬಗೆಯಲ್ಲಿ: ಚರೆ ತಾಗಿ ತೂತು ಬಿದ್ದು ನೀರು ಕುಡಿಯುತ್ತದೆ, ಇಲ್ಲವೇ ಬಣ್ಣ ಹೆಕ್ಕಳಿಕೆಯಾಗಿ ಏಳುತ್ತದೆ. ತೂತು ದೊಡ್ಡ ವಿಷಯವಲ್ಲ, ಬಣ್ಣದ್ದೇ ತಲೆನೋವು. ಇವುಗಳಲ್ಲಿ ಬಹಳಷ್ಟು ಪಾಲಿಎಥಿಲೀನ್‌ನವು; ಅದರ ನುಣುಪು ಮೈಗೆ ಬಣ್ಣವೂ ಅಂಟೂ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೇ ನಾನು ಬಣ್ಣ ಬಳಿಯುವುದನ್ನು ಬಿಟ್ಟು, ಗೋಣಿತಾಟಿನ ಹೊಸ ಚರ್ಮವನ್ನೇ ಹಾಕುತ್ತೇನೆ.

ಇದು ಅಮೆರಿಕದ ಮಿನ್ನೆಸೋಟ ರಾಜ್ಯದ ಕೆರೆಗಳ ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಬಾತು ಬೇಟೆ ಅಪರಾಧ. ಅಮೆರಿಕದಲ್ಲೂ ಜೀವಂತ ಹಕ್ಕಿಯನ್ನು ದೀವವಾಗಿ, ಅಂದರೆ ಬೇರೆ ಹಕ್ಕಿಗಳನ್ನು ಸೆಳೆಯಲು, ಬಿಡುವುದಕ್ಕೆ 1935ರಿಂದ ನಿಷೇಧವಿದೆ.

ಮೊದಲು ಒಳಗಿನ ನೀರು ಬಸಿದು, ತೂತನ್ನು ಕೆಳಮುಖ ಮಾಡಿ ಎರಡು ಮೂರು ದಿನ ಒಣಗಿಸಿ. ಅವಸರ ಬೇಡ. ಒಳಗೆ ತೇವ ಉಳಿದರೆ, ಮುಂದೆ ತುಂಬುವ ಫೋಮ್ (ನೊರೆಯಂತೆ ಉಬ್ಬಿ ಗಟ್ಟಿಯಾಗುವ ವಸ್ತು) ಅದರೊಂದಿಗೆ ಸೇರಿ ದೊಡ್ಡ ದೊಡ್ಡ ಗುಳ್ಳೆ ಕಟ್ಟಿಕೊಂಡು ಪುಡಿಪುಡಿಯಾಗುತ್ತದೆ. ಕೆಸರನ್ನು ಬಿಸಿನೀರು, ಪಾತ್ರೆ ಸೋಪಿನಲ್ಲಿ ತೊಳೆದು, 80 ನಂಬರಿನ ಸ್ಯಾಂಡ್‌ಪೇಪರ್‌ನಿಂದ ಮೈಯೆಲ್ಲ ಒರಟು ಮಾಡಿ.

ಹೊಟ್ಟೆಯಡಿ ಬಾಲದ ಕಡೆಗೆ 2.5 ಸೆಂ.ಮೀ. ತೂತು ಕೊರೆದು ಎರಡು ದ್ರವದ ಯುರೆಥೇನ್ ಫೋಮ್ ಸುರಿಯಬೇಕು. ಘನ ಅಡಿಗೆ 2 ಪೌಂಡ್ ತೂಗುವ ದರ್ಜೆಯದು ಸಾಕು. ಮಾಮೂಲಿ ಮಲ್ಲಾರ್ಡ್ (ಒಂದು ಜಾತಿಯ ಕಾಡುಬಾತು) ಅಳತೆಯ ಬಾತಿಗೆ ಎರಡೂ ದ್ರವ ತಲಾ ಸುಮಾರು 70 ಮಿ.ಲೀ., ಸಮಪಾಲು. ಒಂದೇ ಸಲಕ್ಕೆ ಸುರಿಯಬೇಡಿ. ಗಟ್ಟಿಯಾಗುವಾಗ ಏಳುವ ಬಿಸಿಗೆ ತೆಳು ಪ್ಲಾಸ್ಟಿಕ್ ಉಬ್ಬಿ ಸೊಟ್ಟಗಾಗುತ್ತದೆ. ಅರ್ಧ ಸುರಿದು, ತಣಿದ ಮೇಲೆ ಇನ್ನರ್ಧ. ಕೈಗವಸು ಹಾಕಿ ಬಯಲಲ್ಲೇ ಮಾಡಿ. ಕಿಟಕಿ ಸಂದಿಗೆ ಹಾಕುವ ಸ್ಪ್ರೇ ಡಬ್ಬಿಯ ಫೋಮ್ ಅಗ್ಗ ನಿಜ, ಆದರೆ ಅದು ಗಟ್ಟಿಯಾಗಲು ಗಾಳಿಯ ತೇವ ಬೇಕು. ಮುಚ್ಚಿದ ಹೊಟ್ಟೆಯೊಳಗೆ ನಡುಭಾಗ ವಾರಗಟ್ಟಲೆ ಹಸಿಯಾಗಿಯೇ ಇದ್ದು, ಮುಂದೊಂದು ದಿನ ಉಬ್ಬಿ ಬಾತಿನ ಮೈಯನ್ನೇ ಸೀಳುತ್ತದೆ.

ಇನ್ನು ಗೋಣಿ. ಸೆಣಬು ನೂಲುವಾಗ ಎಣ್ಣೆ ಹಾಕಿರುತ್ತಾರೆ, ಆ ಜಿಡ್ಡು ಇದ್ದರೆ ಅಂಟು ಇಳಿಯದು. ಬಿಸಿನೀರು, ಡಿಟರ್ಜೆಂಟ್‌ನಲ್ಲಿ ಒಗೆದು ಒಣಗಿಸಿ. ಕುಗ್ಗುವಷ್ಟು ಆಗಲೇ ಕುಗ್ಗಲಿ. ಒಂದು ಬಾತಿಗೆ 45 × 60 ಸೆಂ.ಮೀ. ತುಂಡು ಸಾಕು. ನೇಯ್ಗೆಗೆ ಓರೆಯಾಗಿ ಕತ್ತರಿಸಿದರೆ ಎದೆ, ಬೆನ್ನಿನ ತಿರುವಿನಲ್ಲಿ ನೆರಿಗೆ ಬೀಳದೆ ಎಳೆದಂತೆ ಕೂರುತ್ತದೆ. ತಲೆಗೆ ನಾನು ಹೊದಿಸುವುದಿಲ್ಲ. ಕೊಕ್ಕಿನ ಸುತ್ತ ಬಟ್ಟೆ ಅಚ್ಚುಕಟ್ಟಾಗಿ ನಿಲ್ಲದು.

ಅಂಟಿಗೆ ಟೈಟ್‌ಬಾಂಡ್ 3 ಎಂಬ ನೀರು ತಡೆಯುವ ಮರದ ಅಂಟು. ಮಕ್ಕಳ ಬಿಳಿ ಅಂಟು ನೀರಿಗೆ ಬಿದ್ದರೆ ಹಾಲಾಗಿ ಕರಗುತ್ತದೆ. ಚಳಿಗಾಲದ ಗ್ಯಾರೇಜಿನಲ್ಲಿ ಮಾಡುವವರಿಗೆ ಒಂದು ಮಾತು: 8 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಈ ಅಂಟು ಸುಣ್ಣದಂತೆ ಬೆಳ್ಳಗೆ ಒಣಗಿ ಬಲ ಕಳೆದುಕೊಳ್ಳುತ್ತದೆ. ಮೈಗೆ ಅಂಟು ಬಳಿದು, ಬಟ್ಟೆ ಎಳೆದು ಕೂರಿಸಿ, ಅಂಚನ್ನು ಹೊಟ್ಟೆಯಡಿಗೆ ಕೀಲ್‌ವರೆಗೂ (ತಳದ ನಡುವಿನ ಉದ್ದ ಏಣು) ಮಡಚಿ ಸ್ಟೇನ್‌ಲೆಸ್ ಸ್ಟೇಪಲ್ ಹೊಡೆಯಿರಿ. ಇದೇ ಮುಖ್ಯ. ಅಂಟು ಪ್ಲಾಸ್ಟಿಕ್ಕನ್ನು ಹಿಡಿಯುವುದೇ ಇಲ್ಲ, ಒಣಗಿದ ಗೋಣಿ ಕಾಲುಚೀಲದಂತೆ ಸುತ್ತ ಬಿಗಿದುಕೊಂಡು ತಾನೇ ನಿಲ್ಲುತ್ತದೆ. ನೀರಿನ ಮಟ್ಟದಲ್ಲೇ ಬಟ್ಟೆ ಕತ್ತರಿಸಿ ಬಿಟ್ಟರೆ ಅಂಚಿನಿಂದ ಸುಲಿಯುತ್ತದೆ. ಮಾರನೆಯ ದಿನ ಒಂದು ಪಾಲು ಅಂಟಿಗೆ ಒಂದು ಪಾಲು ನೀರು ಬೆರೆಸಿ ಮೇಲಿನಿಂದ ತಿಕ್ಕಿ. ಒಣಗಿದಾಗ ಹಲಗೆಯಂತೆ ಟಕಟಕ ಅನ್ನಬೇಕು.

ಬಣ್ಣಕ್ಕೆ ಹೊರಗೋಡೆಯ ಮ್ಯಾಟ್ ಲೇಟೆಕ್ಸ್. ಮೊದಲು ಇಡೀ ಮೈಗೆ ಕಪ್ಪು, ಮೇಲೆ ಒಣ ಕುಂಚದಲ್ಲಿ ಗಂಡಿಗೆ ಬೂದುಪಕ್ಕೆ, ಕಂದೆದೆ, ಬಾಲದ ಬುಡಕ್ಕೆ ಕಪ್ಪು. ಹಿಂದಿನ ಕಪ್ಪು ನೇಯ್ಗೆಯ ಕುಳಿಗಳಲ್ಲಿ ಉಳಿದು ಗರಿಯ ನೆರಳಿನಂತೆ ಕಾಣುತ್ತದೆ. ಹೊಳೆಯುವ ವಾರ್ನಿಷ್ ಮಾತ್ರ ಬೇಡ; ಬಿಸಿಲು ಬಿದ್ದರೆ ಮಿಂಚಿ, ಇಳಿಯುತ್ತಿದ್ದ ಬಾತುಗಳು ಅಲ್ಲಿಂದಲೇ ತಿರುಗಿಬಿಡುತ್ತವೆ.

ಗೋಣಿ ಮೇಲುಭಾರ ಕೂಡಿಸುತ್ತದೆ. ತೊಟ್ಟಿಯಲ್ಲಿ ಬಾತನ್ನು ಬೋರಲು ಬಿಟ್ಟು ನೋಡಿ, ತಾನಾಗಿ ನೆಟ್ಟಗಾಗದಿದ್ದರೆ ಕೀಲ್‌ಗೆ 100 ಗ್ರಾಂನಷ್ಟು ಕಬ್ಬಿಣದ ಪಟ್ಟಿ ಬಿಗಿಯಿರಿ. ಲಂಗರಿನ ದಾರಕ್ಕೆ 36 ನಂಬರಿನ ಟಾರು ಹಚ್ಚಿದ ನೈಲಾನ್, ಆಳದ ಒಂದೂವರೆ ಪಟ್ಟು ಉದ್ದ.

ಈ ಅಂಟು ಸದಾ ನೀರಲ್ಲೇ ಮುಳುಗಿರುವುದಕ್ಕೆ ಮಾಡಿದ್ದಲ್ಲ. ಬೇಟೆ ಮುಗಿದ ಸಂಜೆಯೇ ಮೇಲೆತ್ತಿ, ಒದ್ದೆ ಚೀಲದಲ್ಲಿ ತುರುಕದೆ, ಕೊರಳಿನಿಂದ ನೇತುಹಾಕಿ.