ಮಣ್ಣಿನಲ್ಲಿ ಉಳಿದ ಪರಾಗ: ಉತ್ಖನನಕ್ಕೂ ಅಪರಾಧ ತನಿಖೆಗೂ ಮಾದರಿ ಸಂಗ್ರಹಿಸುವ ಕ್ರಮ

ಮಣ್ಣಿನಲ್ಲೋ ಬಟ್ಟೆಯಲ್ಲೋ ಉಳಿದ ಹೂವಿನ ಪರಾಗಕಣಗಳಿಂದ ಗಿಡ, ಜಾಗ, ಕಾಲವನ್ನು ಗುರುತಿಸುವ ಪರಾಗ ವಿಶ್ಲೇಷಣೆ ಫಲ ಕೊಡುವುದೋ ಇಲ್ಲವೋ ಎಂಬುದು ಸೂಕ್ಷ್ಮದರ್ಶಕದ ಮುಂದೆ ಕೂರುವ ಮೊದಲೇ, ಮಣ್ಣು ತೆಗೆಯುವ ಹಂತದಲ್ಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ಪರಾಗಕಣದ ಹೊರಕವಚ ಸ್ಪೋರೊಪೊಲೆನಿನ್ ಎಂಬ ಗಟ್ಟಿ ವಸ್ತುವಿನದು. ಗಾಳಿಯಾಡದ ಕೆಸರಿನಲ್ಲಿ ಅದು ಸಾವಿರಾರು ವರ್ಷ ಕೆಡದೆ ಉಳಿಯುತ್ತದೆ. ಪದೇ ಪದೇ ನೆನೆದು ಒಣಗುವ, ಸುಣ್ಣದಂಶ ಹೆಚ್ಚಿರುವ ಮಣ್ಣಿನಲ್ಲಿ ಹಾಳಾಗುತ್ತದೆ. ಆದ್ದರಿಂದ ಉತ್ಖನನದಲ್ಲಿ ಕೆರೆಯ ಹೂಳು, ಮುಚ್ಚಿಹೋದ ಬಾವಿ, ಜೌಗು ಪದರಗಳನ್ನು ಮೊದಲು ಹುಡುಕಬೇಕು.

ಗುಂಡಿಯ ಗೋಡೆಯಿಂದ ಮಾದರಿ ತೆಗೆಯುವಾಗ ಗಾಳಿಗೆ ಒಡ್ಡಿದ ಮೇಲ್ಮೈಯನ್ನು ಕರಣೆಯಿಂದ ಅಡ್ಡಡ್ಡವಾಗಿ ಹೆರೆದು ಹೊಸ ಮುಖವನ್ನು ತೆರೆಯಿರಿ. ಅನಂತರ ತಳದಿಂದ ಮೇಲಕ್ಕೆ ಬನ್ನಿ. ಮೇಲಿನಿಂದ ಶುರುಮಾಡಿದರೆ ಉದುರುವ ಮಣ್ಣು ಕೆಳಗಿನ, ಹೆಚ್ಚು ಹಳೆಯ ಪದರಕ್ಕೆ ಬೆರೆಯುತ್ತದೆ. ಪ್ರತಿ ಮಾದರಿಯ ನಂತರ ಕರಣೆಯನ್ನು ಶುದ್ಧ ನೀರಿನಲ್ಲಿ ತೊಳೆಯಿರಿ, ಚೀಲವನ್ನು ಕೂಡಲೇ ಮುಚ್ಚಿ ಆಳವನ್ನೂ ಪದರವನ್ನೂ ಬರೆಯಿರಿ. ಇಂದಿನ ಪರಿಸರದ ಪರಾಗ ಯಾವುದೆಂದು ತಿಳಿಯಲು ಸುತ್ತಲಿನ ನೆಲದ ಮೇಲ್ಮಣ್ಣನ್ನೂ ಪ್ರತ್ಯೇಕವಾಗಿ ಸಂಗ್ರಹಿಸಲೇಬೇಕು. ನಮ್ಮ ಬಯಲುಸೀಮೆಯಲ್ಲಿ ಬೆರಕೆಯನ್ನು ಪತ್ತೆಹಚ್ಚಲು ಒಂದು ಒಳ್ಳೆಯ ದಾರಿಯಿದೆ: ಕಾಂಗ್ರೆಸ್ ಗಿಡ ಎಂದು ಕರೆಯುವ ಪಾರ್ಥೇನಿಯಂ ಅಮೆರಿಕ ಮೂಲದ್ದು, ಭಾರತದಲ್ಲಿ ಅದು ವ್ಯಾಪಕವಾಗಿ ಹಬ್ಬಿದ್ದು 1950ರ ದಶಕದ ನಂತರ. ನವಶಿಲಾಯುಗದ ಬೂದಿದಿಬ್ಬದ (ಸುಟ್ಟ ಸಗಣಿಯ ಪುರಾತನ ದಿಬ್ಬದ) ಪದರದಲ್ಲಿ ಅದರ ಗಿಡ್ಡ ಮುಳ್ಳಿನ ಕಣ ಕಂಡರೆ ಆ ಮಾದರಿಯನ್ನು ನಂಬಬಾರದು. ಇರಾಕಿನ ಶಾನಿದಾರ್ ಗುಹೆಯಲ್ಲಿ ನಿಯಾಂಡರ್ತಾಲ್ ಎಂಬ ಅಳಿದುಹೋದ ಮಾನವ ಪ್ರಭೇದದ ಅಸ್ಥಿಪಂಜರದ ಬಳಿ ಸಿಕ್ಕ ಪರಾಗದ ಗುಂಪುಗಳನ್ನು ಮೊದಲು ಶವಕ್ಕೆ ಅರ್ಪಿಸಿದ ಹೂಗಳೆಂದು ಓದಲಾಯಿತು. ಬಿಲ ತೋಡುವ ದಂಶಕಗಳೋ ಜೇನ್ನೊಣಗಳೋ ಅದನ್ನು ತಂದಿರಬಹುದೆಂಬ ಆಕ್ಷೇಪ ಆಮೇಲೆ ಬಂತು. ಹಾಗಾಗಿ ಬಿಲಗಳನ್ನೂ ಬೇರಿನ ಜಾಡುಗಳನ್ನೂ ನಕ್ಷೆಯಲ್ಲಿ ಗುರುತಿಸುವುದನ್ನು ಮರೆಯಬೇಡಿ.

ತನಿಖೆಯಲ್ಲಿ ಬಟ್ಟೆ, ಪಾದರಕ್ಷೆ, ವಾಹನದ ಕಾಲೊರಸು ಮುಖ್ಯ. ಒಂದೊಂದನ್ನೂ ಬೇರೆ ಬೇರೆ ಕಾಗದದ ಚೀಲದಲ್ಲಿ ಹಾಕಿ. ಒದ್ದೆ ಬಟ್ಟೆ ಪ್ಲಾಸ್ಟಿಕ್ಕಿನೊಳಗೆ ಬೂಷ್ಟು ಹಿಡಿಯುತ್ತದೆ. ಆರೋಪಿಯ ಬಟ್ಟೆಯನ್ನು ಮುಟ್ಟಿದ ಕೈಯಲ್ಲೇ ಘಟನಾ ಸ್ಥಳದ ಮಣ್ಣನ್ನು ಮುಟ್ಟಬಾರದು. ಕೃತ್ಯ ನಡೆದ ಜಾಗ, ಅವನು ತಾನಿದ್ದೆನೆಂದು ಹೇಳುವ ಜಾಗ, ಅವನ ಮನೆಯ ಅಂಗಳ, ಈ ಮೂರರ ಮಾದರಿಗಳನ್ನೂ ತೆಗೆದು ಮಹಜರಿನಲ್ಲಿ ದಾಖಲಿಸಿ. ಹೋಲಿಸಲು ಮಾದರಿಯೇ ಇಲ್ಲದಿದ್ದರೆ ನ್ಯಾಯಾಲಯದಲ್ಲಿ ಪರಾಗಕಣಗಳ ಅತ್ಯುತ್ತಮ ಎಣಿಕೆಗೂ ಬೆಲೆ ಬರುವುದಿಲ್ಲ.

ಪ್ರಯೋಗಾಲಯದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಸುಣ್ಣವನ್ನು, ಹೈಡ್ರೋಫ್ಲೋರಿಕ್ ಆಮ್ಲ ಮರಳಿನಂಶವನ್ನು ಕರಗಿಸುತ್ತದೆ. ಎರಡನೆಯದು ಚರ್ಮದ ಮೂಲಕ ಒಳಹೊಕ್ಕು ಪ್ರಾಣಕ್ಕೇ ಎರವಾಗಬಲ್ಲದು. ತರಬೇತಿ, ಫ್ಯೂಮ್ ಹುಡ್ (ವಿಷಾನಿಲವನ್ನು ಹೊರಗೆ ಸೆಳೆಯುವ ಗೂಡು) ಇಲ್ಲದೆ ಅದನ್ನು ಬಳಸಲೇಬಾರದು. ಬಳಿಕ ಒಂಬತ್ತು ಪಾಲು ಅಸಿಟಿಕ್ ಅನ್‌ಹೈಡ್ರೈಡ್, ಒಂದು ಪಾಲು ಗಂಧಕಾಮ್ಲದ ಮಿಶ್ರಣದಲ್ಲಿ ಕಾಯಿಸಿದರೆ ಸೆಲ್ಯುಲೋಸ್ ಹೋಗಿ ಕವಚದ ಕೆತ್ತನೆ ಸ್ಪಷ್ಟವಾಗುತ್ತದೆ. ಸಾಮಾನ್ಯವಾಗಿ 300 ಕಣಗಳನ್ನಾದರೂ ಎಣಿಸುತ್ತಾರೆ.

ಎಣಿಸಿದ್ದನ್ನು ಅರ್ಥೈಸುವಾಗ ತೂಗಿ ನೋಡಬೇಕು. ಪೈನ್ ಮರದ ಕಣ ಗಾಳಿಯಲ್ಲಿ ಬಹುದೂರ ತೇಲುವುದರಿಂದ ಅದು ಸಿಕ್ಕಿದ್ದರಿಂದ ಜಾಗ ಗೊತ್ತಾಗುವುದಿಲ್ಲ. ಕೀಟಗಳಿಂದ ಪರಾಗಸ್ಪರ್ಶವಾಗುವ ಗಿಡದ ಕಣ ಹೆಚ್ಚಾಗಿ ಗಿಡದ ಹತ್ತಿರವೇ ಬೀಳುವುದರಿಂದ ಹೆಚ್ಚು ಬಲವಾದ ಸುಳಿವು. ಹೂಬಿಡುವ ಕಾಲವೂ ಅಷ್ಟೇ ಮುಖ್ಯ. ಜರ್ಮನಿಯ ಮಾಗ್ಡೆಬುರ್ಗ್‌ನಲ್ಲಿ 1994ರಲ್ಲಿ 32 ಅಸ್ಥಿಪಂಜರಗಳ ಸಾಮೂಹಿಕ ಗೋರಿ ಸಿಕ್ಕಿತು. ಕೊಂದವರು 1945ರ ವಸಂತದಲ್ಲಿ ನಾಜಿಗಳ ರಹಸ್ಯ ಪೊಲೀಸರಾದ ಗೆಸ್ಟಾಪೊದವರೋ, ಪೂರ್ವ ಜರ್ಮನಿಯಲ್ಲಿ 1953ರ ಜೂನ್ ದಂಗೆಯ ನಂತರ ಸೋವಿಯತ್ ರಹಸ್ಯ ಪೊಲೀಸರೋ ಎಂಬುದು ಪ್ರಶ್ನೆಯಾಗಿತ್ತು. ತಲೆಬುರುಡೆಗಳ ಮೂಗಿನ ಕುಹರವನ್ನು ತೊಳೆದು ನೋಡಿದಾಗ ಇಸಬಗೋಲಿನ ಕುಲದ ಪ್ಲಾಂಟಾಗೊ, ಲಿಂಡೆನ್ ಮರ ಮತ್ತು ರೈ ಧಾನ್ಯದ ಪರಾಗ ದೊರೆಯಿತು. ಇವು ಬೇಸಿಗೆಯಲ್ಲಿ ಅರಳುವಂಥವು. ಉಸಿರಿನೊಂದಿಗೆ ಒಳಹೋದ ಆ ಕಣಗಳು ಎರಡನೆಯ ಸಾಧ್ಯತೆಯನ್ನು ಬೆಂಬಲಿಸಿದವು.

ವರದಿ ಬರೆಯುವಾಗ "ಆರೋಪಿ ಅಲ್ಲಿದ್ದ" ಎಂದು ಬರೆಯಬೇಡಿ. ಪಾದರಕ್ಷೆಯ ಪರಾಗ ಯಾವ ಸ್ಥಳದ ಮಾದರಿಗೆ ಎಷ್ಟು ಹೊಂದುತ್ತದೆ, ಯಾವುದಕ್ಕೆ ಹೊಂದುವುದಿಲ್ಲ, ಅಂಥದೇ ಮಿಶ್ರಣ ಬೇರೆಲ್ಲಿ ಸಿಗಬಹುದು ಎಂಬುದನ್ನಷ್ಟೇ ಎಣಿಕೆಯ ಪಟ್ಟಿಯ ಸಮೇತ ದಾಖಲಿಸಿ.