ಮೆಟ್ರೊ ಕಂಬ ಏಳುವ ಮುಂಚೆ ಏನೇನಾಗುತ್ತದೆ?

ರಸ್ತೆ ಮಧ್ಯೆ ಬ್ಯಾರಿಕೇಡ್ ನಿಂತ ಮೇಲೆ ಜನರಿಗೆ ಪ್ರಶ್ನೆಗಳು ಹುಟ್ಟುತ್ತವೆ. ಇಲ್ಲೇ ಯಾಕೆ? ನಮ್ಮ ಕಡೆ ಸ್ಟೇಷನ್ ಯಾಕಿಲ್ಲ? ಇಷ್ಟೊಂದು ದುಡ್ಡು ಎಲ್ಲಿಂದ ಬಂತು? ಪ್ರಶ್ನೆಗಳೇನೋ ಒಳ್ಳೆಯವೇ, ಆದರೆ ಕೇಳುವ ಹೊತ್ತು ಆಗಲೇ ಮೀರಿರುತ್ತದೆ. ಬ್ಯಾರಿಕೇಡ್ ಬರುವ ನಾಲ್ಕೈದು ವರ್ಷ ಮೊದಲೇ ಇದೆಲ್ಲ ಕಾಗದದ ಮೇಲೆ ತೀರ್ಮಾನವಾಗಿರುತ್ತದೆ. ಆ ಕಾಗದ ಯಾವ ಮೇಜಿನಿಂದ ಯಾವ ಮೇಜಿಗೆ ಹೋಗುತ್ತದೆ, ಎಲ್ಲಿ ನಾವು ಬಾಯಿ ಹಾಕಬಹುದು ಎಂದು ಬೆಂಗಳೂರನ್ನೇ ಇಟ್ಟುಕೊಂಡು ನೋಡೋಣ.

ಹೆಜ್ಜೆ 1: ಓಡಾಟದ ಲೆಕ್ಕ

ಯಾರು, ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೆ, ಯಾವುದರಲ್ಲಿ ಹೋಗುತ್ತಾರೆ? ಮೊದಲು ಇದು ಗೊತ್ತಾಗಬೇಕು. ಅದಕ್ಕಾಗಿ ಮನೆಮನೆಗೆ ಹೋಗಿ ಕೇಳುತ್ತಾರೆ, ಜಂಕ್ಷನ್‌ಗಳಲ್ಲಿ ಗಾಡಿ ಎಣಿಸುತ್ತಾರೆ, ಬಸ್ ಸ್ಟಾಪಿನಲ್ಲಿ ನಿಂತವರನ್ನು ಮಾತಾಡಿಸುತ್ತಾರೆ. ಸಿಕ್ಕ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿ ಮುಂದಿನ 15–20 ವರ್ಷದ ಅಂದಾಜು ತೆಗೆಯುತ್ತಾರೆ. ಹೀಗೆ ತಯಾರಾಗುವ ದಾಖಲೆಯೇ ಸಮಗ್ರ ಸಂಚಾರ ಯೋಜನೆ. ಆಫೀಸುಗಳಲ್ಲಿ ಎಲ್ಲರೂ ಸಿಎಂಪಿ ಅಂತಲೇ ಕರೆಯುತ್ತಾರೆ. ಬೆಂಗಳೂರಿನ ಸಿಎಂಪಿ 2020ರಲ್ಲಿ ಬಂತು. ನಗರ ಭೂಸಾರಿಗೆ ನಿರ್ದೇಶನಾಲಯ (ಡಲ್ಟ್) ಮತ್ತು ಮೆಟ್ರೊ ನಿಗಮ ಸೇರಿ ಅದನ್ನು ಮಾಡಿಸಿದವು.

2017ರ ಕೇಂದ್ರ ಮೆಟ್ರೊ ನೀತಿಯ ಪ್ರಕಾರ ಸಿಎಂಪಿ ಇಲ್ಲದ ಊರಿಗೆ ಮೆಟ್ರೊಗಾಗಿ ಕೇಂದ್ರದ ನೆರವಿಲ್ಲ. ನಿಯಮವೇನೋ ಸರಿ. ಆದರೆ ಕೆಲವು ಸಲ ಯೋಜನೆ ಮೊದಲು ಹುಟ್ಟಿ, ಅದಕ್ಕೆ ಹೊಂದುವ ಸಿಎಂಪಿ ಆಮೇಲೆ ಹುಟ್ಟುತ್ತದೇನೋ ಎಂಬ ಅನುಮಾನ ನನಗಂತೂ ಹೋಗಿಲ್ಲ.

ಜೊತೆಗೆ ಊರಿನ ಮಾಸ್ಟರ್ ಪ್ಲ್ಯಾನ್ ಇರಬೇಕು. ಎಲ್ಲಿ ಮನೆ, ಎಲ್ಲಿ ಆಫೀಸು ಬರುತ್ತವೆ ಎಂದು ಗೊತ್ತಿಲ್ಲದಿದ್ದರೆ ರೈಲು ಎಲ್ಲಿಗೆ ಓಡಿಸುವುದು? ಬೆಂಗಳೂರಿನ ಪಾಡು ಇಲ್ಲಿ ಕೆಟ್ಟದಾಗಿದೆ. 2031ರ ಮಾಸ್ಟರ್ ಪ್ಲ್ಯಾನಿನ ಕರಡು 2017ರಲ್ಲಿ ಹೊರಬಂತು, 2020ರಲ್ಲಿ ಅದನ್ನು ಹಿಂದಕ್ಕೆ ಪಡೆದರು.

ಹೆಜ್ಜೆ 2: ಬೇರೆ ದಾರಿ ಇದೆಯಾ ನೋಡುವುದು

ಅರ್ಧಕ್ಕರ್ಧ ಜನ ಓದದ ಭಾಗ ಇದು, ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಒಂದು ದಾರಿಗೆ ಮೆಟ್ರೊ ಬೇಕೋ, ಬಸ್ ಪಥ ಸಾಕೋ, ಲೋಕಲ್ ರೈಲು ಆಗುತ್ತದೋ ಎಂದು ಹೋಲಿಸಿ ನೋಡುವ ವರದಿ. 2017ರ ನೀತಿ ಇದನ್ನೂ ಕಡ್ಡಾಯ ಮಾಡಿದೆ.

ಇಲ್ಲಿ ನೋಡಬೇಕಾದ ಸಂಖ್ಯೆ ಒಂದೇ: ಅತಿ ಹೆಚ್ಚು ದಟ್ಟಣೆಯ ಒಂದು ಗಂಟೆಯಲ್ಲಿ, ಒಂದೇ ದಿಕ್ಕಿಗೆ ಎಷ್ಟು ಜನ ಹೋಗುತ್ತಾರೆ? ಅದು 15,000 ದಾಟುವಂತಿದ್ದರೆ ಮೆಟ್ರೊ ಬಗ್ಗೆ ಮಾತಾಡಬಹುದು ಅನ್ನುವುದು ಸಾಮಾನ್ಯ ಲೆಕ್ಕ. ನಾವೇ ಕೂಡಿ ಕಳೆದು ನೋಡಬಹುದು. ಒಂದು ಬಸ್ಸಿಗೆ 65 ಜನ, ನಿಮಿಷಕ್ಕೊಂದು ಬಸ್ ಅಂದರೆ ಗಂಟೆಗೆ 3,900. ಆರು ಬೋಗಿಯ ರೈಲಿಗೆ 1,500 ಜನ ಅಂತ ಹಿಡಿಯಿರಿ, ನಾಲ್ಕು ನಿಮಿಷಕ್ಕೊಂದು ರೈಲು ಬಂದರೆ 22,500. ಹಾಗಾದರೆ ಗಂಟೆಗೆ ಐದಾರು ಸಾವಿರ ಜನ ಓಡಾಡುವ ಕಡೆ ಮೆಟ್ರೊ ತಂದರೆ? ರೈಲು ಖಾಲಿ ಓಡುತ್ತದೆ, ಸಾಲದ ಬಡ್ಡಿ ಮಾತ್ರ ತುಂಬಿಕೊಂಡು ಓಡುತ್ತದೆ.

ಬಸ್ಸಿನ ದಾರಿ ಎಷ್ಟು ಅಗ್ಗ ಅನ್ನುವುದನ್ನು ಬೆಂಗಳೂರು ಕಣ್ಣಾರೆ ಕಂಡಿದೆ. 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್ ಕಡೆಯಿಂದ ಬಸ್ಸುಗಳಿಗೇ ಒಂದು ಪಥ ಬಿಟ್ಟುಕೊಟ್ಟರು. ರಸ್ತೆಯುದ್ದಕ್ಕೂ ಗಿಡ್ಡ ಕಂಬಗಳನ್ನು ನೆಟ್ಟು, ಬಣ್ಣ ಬಳಿದದ್ದು, ಅಷ್ಟೇ. ಸೇತುವೆ ಇಲ್ಲ, ಸುರಂಗ ಇಲ್ಲ. ಆಮೇಲೆ ಅದೇ ರಸ್ತೆಯಲ್ಲಿ ಮೆಟ್ರೊ ಕೆಲಸ ಶುರುವಾಯಿತು, ಬಸ್ ಪಥ ಕಾಣೆಯಾಯಿತು. ಆ ರಸ್ತೆಗೆ ಮೆಟ್ರೊ ಬೇಕಿತ್ತು, ತಕರಾರಿಲ್ಲ. ಆದರೆ ಮೆಟ್ರೊ ಕಟ್ಟುವ ಅಷ್ಟೂ ವರ್ಷ ಜನ ಓಡಾಡಬೇಕಲ್ವಾ?

ಹೆಜ್ಜೆ 3: ಡಿಪಿಆರ್

ವಿಸ್ತೃತ ಯೋಜನಾ ವರದಿ. ದಾರಿ, ಸ್ಟೇಷನ್, ಜಾಗ, ಖರ್ಚು, ಆದಾಯ ಎಲ್ಲ ಇದರಲ್ಲಿರುತ್ತದೆ. ಸಲಹಾ ಕಂಪನಿಗಳು ಬರೆಯುತ್ತವೆ. ಕೇಂದ್ರ ಒಪ್ಪಬೇಕಾದರೆ ಮೆಟ್ರೊದಿಂದ ಊರಿಗೆ ಆಗುವ ಒಟ್ಟು ಲಾಭ ವರ್ಷಕ್ಕೆ ಹಾಕಿದ ದುಡ್ಡಿನ ಕನಿಷ್ಠ 14% ಇರಬೇಕು. ಇದು ಟಿಕೆಟ್ಟಿನ ಲಾಭವಲ್ಲ. ಉಳಿಯುವ ಸಮಯ, ಪೆಟ್ರೋಲು, ತಪ್ಪುವ ಅಪಘಾತ, ಕಡಿಮೆಯಾಗುವ ಹೊಗೆ, ಇವಕ್ಕೆಲ್ಲ ಬೆಲೆ ಕಟ್ಟಿ ಸೇರಿಸುತ್ತಾರೆ. ಎಷ್ಟು ಜನ ಹತ್ತುತ್ತಾರೆ ಎಂಬ ಅಂದಾಜನ್ನು ಸ್ವಲ್ಪ ಉಬ್ಬಿಸಿದರೆ ಸಾಕು, 14% ದಾಟಿಬಿಡುತ್ತದೆ. ಹಾಗಾಗಿ ಡಿಪಿಆರ್ ಕೈಗೆ ಸಿಕ್ಕರೆ ಮೊದಲು ಪ್ರಯಾಣಿಕರ ಅಂದಾಜಿನ ಪುಟ ತೆಗೆಯಿರಿ.

ವರದಿ ಎಷ್ಟು ದಪ್ಪಗಿದ್ದರೂ ನಂಬಿಕೆ ತಾನಾಗಿ ಬರುವುದಿಲ್ಲ. ಬೆಂಗಳೂರಿನ ಸುರಂಗ ರಸ್ತೆಯ ಡಿಪಿಆರ್‌ನಲ್ಲಿ ಮಹಾರಾಷ್ಟ್ರದ ಮಾಲೆಗಾಂವ್, ನಾಸಿಕ್ ಹೆಸರುಗಳು ನುಸುಳಿದ್ದು ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ಹೆಬ್ಬಾಳ–ಸಿಲ್ಕ್ ಬೋರ್ಡ್ ರಸ್ತೆಗೂ ಮಾಲೆಗಾಂವ್‌ಗೂ ಏನು ನಂಟೋ!

ಹೆಜ್ಜೆ 4: ದುಡ್ಡು ಹೊಂದಿಸುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಉಪನಗರ ರೈಲನ್ನು ತಗೊಳ್ಳಿ. 148.17 ಕಿ.ಮೀ., ನಾಲ್ಕು ಮಾರ್ಗ: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಕೇಂದ್ರ ಸಂಪುಟ 2020ರ ಅಕ್ಟೋಬರ್‌ನಲ್ಲಿ ಒಪ್ಪಿದಾಗ ಅಂದಾಜು 15,767 ಕೋಟಿ ರೂಪಾಯಿ. ಇದರಲ್ಲಿ 20% ಕೇಂದ್ರ ಕೊಡುತ್ತದೆ, 20% ರಾಜ್ಯ. ಉಳಿದ 60%, ಅಂದರೆ ಹತ್ತಿರ ಹತ್ತಿರ 9,460 ಕೋಟಿ, ಸಾಲ. ಜರ್ಮನಿಯ ಕೆಎಫ್‌ಡಬ್ಲ್ಯು ಬ್ಯಾಂಕ್ 50 ಕೋಟಿ ಯೂರೊ, ಯುರೋಪಿನ ಹೂಡಿಕೆ ಬ್ಯಾಂಕ್ 30 ಕೋಟಿ ಯೂರೊ ಸಾಲ ಕೊಡಲು ಒಪ್ಪಿವೆ.

ಮೆಟ್ರೊ ನಿಗಮ ಕೇಂದ್ರ ಮತ್ತು ರಾಜ್ಯದ ಸಮಪಾಲಿನ ಕಂಪನಿ. ಇಬ್ಬರೂ ಬಂಡವಾಳ ಹಾಕುತ್ತಾರೆ, ಜಾಗದ ಖರ್ಚು ಹೆಚ್ಚಾಗಿ ರಾಜ್ಯದ ತಲೆ ಮೇಲೆ. ಉಳಿದದ್ದಕ್ಕೆ ಜಪಾನಿನ ಜೈಕಾ, ಏಷ್ಯಾ ಅಭಿವೃದ್ಧಿ ಬ್ಯಾಂಕ್ ಇಂಥವರ ಸಾಲ. ಹೊರವರ್ತುಲ ರಸ್ತೆ ಮತ್ತು ವಿಮಾನ ನಿಲ್ದಾಣದ ದಾರಿಗಳಿಗೆ ಏಷ್ಯಾ ಅಭಿವೃದ್ಧಿ ಬ್ಯಾಂಕ್ 50 ಕೋಟಿ ಡಾಲರ್ ಸಾಲ ಒಪ್ಪಿದೆ. ಇವು ನಮ್ಮ ಮನೆ ಸಾಲಕ್ಕಿಂತ ಕಡಿಮೆ ಬಡ್ಡಿಯವು, ಕಂತು ಶುರುವಾಗುವುದೂ ತಡವಾಗಿ. ಆದರೆ ರೂಪಾಯಿ ಬೆಲೆ ಇಳಿದಂತೆ ತೀರಿಸಬೇಕಾದ ಮೊತ್ತ ಏರುತ್ತದೆ. ನಿಗಮದ ಕೈಯಲ್ಲಿ ಆಗದಿದ್ದರೆ ಹೊರೆ ರಾಜ್ಯದ ಖಜಾನೆಗೆ.

ಈಗ ಒಂದು ಹೋಲಿಕೆ. ಮೆಟ್ರೊ ಮೂರನೇ ಹಂತಕ್ಕೆ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಸಿಕ್ಕಿತು: ಜೆ.ಪಿ. ನಗರ 4ನೇ ಹಂತದಿಂದ ಕೆಂಪಾಪುರ, ಹೊಸಹಳ್ಳಿಯಿಂದ ಕಡಬಗೆರೆ. ಒಟ್ಟು 44.65 ಕಿ.ಮೀ., 15,611 ಕೋಟಿ. ಕಿಲೋಮೀಟರಿಗೆ ಸುಮಾರು 350 ಕೋಟಿ. ಉಪನಗರ ರೈಲು ಕಿಲೋಮೀಟರಿಗೆ ಸುಮಾರು 106 ಕೋಟಿ. ಮೂರನೇ ಒಂದು ಭಾಗಕ್ಕೂ ಕಡಿಮೆ! ಕಾರಣ, ಅದು ಬಹುಪಾಲು ಈಗಿರುವ ರೈಲು ಹಳಿಯ ಪಕ್ಕದ ಜಾಗದಲ್ಲೇ ಹೋಗುತ್ತದೆ. ಹೀಗಿದ್ದೂ ಒಪ್ಪಿಗೆ ಸಿಕ್ಕು ಇಷ್ಟು ವರ್ಷವಾದರೂ ಅದು ತೆವಳುತ್ತಿರುವುದು ನನಗೆ ಅರ್ಥವಾಗದ ಸಂಗತಿ.

ಅಂದಾಜು ಅಂದಾಜಾಗಿಯೇ ಉಳಿಯುತ್ತದೆ ಅಂದುಕೊಳ್ಳಬೇಡಿ. ಮೆಟ್ರೊ ಮೊದಲ ಹಂತಕ್ಕೆ 2006ರಲ್ಲಿ ಒಪ್ಪಿಗೆ ಸಿಕ್ಕಾಗ 33 ಕಿ.ಮೀ.ಗೆ 6,395 ಕೋಟಿ. 2017ರಲ್ಲಿ ಮುಗಿಯುವಷ್ಟರಲ್ಲಿ 42.3 ಕಿ.ಮೀ., 13,845 ಕೋಟಿ. ದಾರಿ ಉದ್ದವಾದದ್ದು ಕಾಲುಭಾಗದಷ್ಟು, ಖರ್ಚು ಎರಡರಷ್ಟಕ್ಕೂ ಜಾಸ್ತಿ. ಕೆಲಸ ತಡವಾದಷ್ಟೂ ಸಿಮೆಂಟು, ಉಕ್ಕು, ಜಾಗದ ಬೆಲೆ ಮತ್ತು ಬಡ್ಡಿ ಎಲ್ಲವೂ ಏರುತ್ತವೆ.

ಸಣ್ಣಪುಟ್ಟ ದಾರಿಗಳೂ ಇವೆ. ಹಳದಿ ಮಾರ್ಗದಲ್ಲಿ ಹೋದವರಿಗೆ ಇನ್ಫೋಸಿಸ್ ಫೌಂಡೇಶನ್ ಕೋನಪ್ಪನ ಅಗ್ರಹಾರ, ಬಯೋಕಾನ್ ಹೆಬ್ಬಗೋಡಿ ಎಂಬ ಸ್ಟೇಷನ್ ಹೆಸರುಗಳು ಗೊತ್ತು. ಸ್ಟೇಷನ್ ಕಟ್ಟಲು ದುಡ್ಡು ಕೊಟ್ಟದ್ದಕ್ಕೆ ಸಿಕ್ಕ ಹೆಸರು ಅದು. ಹೊಸ ಕಟ್ಟಡದ ಪ್ಲ್ಯಾನಿಗೆ ಒಪ್ಪಿಗೆ ಪಡೆಯುವಾಗ ಮೆಟ್ರೊ ಸೆಸ್ ಕಟ್ಟಬೇಕು. ಮೆಟ್ರೊ ಹತ್ತಿರ ಹೆಚ್ಚು ಮಹಡಿ ಕಟ್ಟುವವರಿಂದ ಹಣ ಪಡೆಯುವ ಯೋಚನೆಯೂ ಇದೆ. ಕೊನೆಗೆ ಟಿಕೆಟ್. 2025ರ ಫೆಬ್ರುವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಕೆಲವರಿಗೆ ದರ ದುಪ್ಪಟ್ಟಾಗಿ ಗಲಾಟೆ ಎದ್ದ ಮೇಲೆ ಅಲ್ಲಲ್ಲಿ ಸ್ವಲ್ಪ ಇಳಿಸಿದರು. ದರ ಏರಿಸಿದರೆ ಜನ ಸ್ಕೂಟರ್ ಹತ್ತುತ್ತಾರೆ, ಏರಿಸದಿದ್ದರೆ ಕಂತು ಕಟ್ಟಲಾಗದು.

ಬಸ್ಸಿನ ಲೆಕ್ಕ ಬೇರೆ. ಈಗ ಬರುವ ಎಲೆಕ್ಟ್ರಿಕ್ ಬಸ್ಸುಗಳನ್ನು ಹೆಚ್ಚಾಗಿ ಕಂಪನಿಯೇ ತಂದು ಓಡಿಸುತ್ತದೆ. ಬಿಎಂಟಿಸಿ ಕಿಲೋಮೀಟರಿಗೆ ಇಷ್ಟು ಅಂತ ಕೊಡುತ್ತದೆ, ಟಿಕೆಟ್ ದುಡ್ಡು ತಾನಿಟ್ಟುಕೊಳ್ಳುತ್ತದೆ. ಒಂದೇ ಸಲ ಕೋಟಿಗಟ್ಟಲೆ ಸುರಿಯುವುದು ತಪ್ಪುತ್ತದೆ.

ಇನ್ನೊಂದು ಮಾತು. ಬಜೆಟ್ ಭಾಷಣದಲ್ಲಿ ಯೋಜನೆಯ ಹೆಸರು ಕೇಳಿದ ಮಾತ್ರಕ್ಕೆ ದುಡ್ಡು ಬಂತು ಅಂತಲ್ಲ. ಭಾಷಣದ ಜೊತೆಗೇ ಇಲಾಖಾವಾರು ಅನುದಾನದ ಪುಸ್ತಕಗಳನ್ನೂ ಮಂಡಿಸುತ್ತಾರೆ. ಆ ಸಾಲಿನ ಎದುರು ಯಾವ ಅಂಕಿ ಇದೆ ಅನ್ನುವುದೇ ನಿಜವಾದ ಸುದ್ದಿ.

ಹೆಜ್ಜೆ 5: ಒಪ್ಪಿಗೆ, ಜಾಗ, ಟೆಂಡರ್

ರಾಜ್ಯ ಸಂಪುಟ, ಆಮೇಲೆ ಕೇಂದ್ರ ಸಂಪುಟ. ಮೆಟ್ರೊಗೆ ಬೇಕಾದ ಖಾಸಗಿ ಜಾಗವನ್ನು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಸ್ವಾಧೀನ ಮಾಡಿಕೊಡುತ್ತದೆ. ರಾಜ್ಯದ ಟೆಂಡರ್‌ಗಳು 1999ರ ಪಾರದರ್ಶಕ ಖರೀದಿ ಕಾಯ್ದೆಯ ಪ್ರಕಾರ ನಡೆಯುತ್ತವೆ. ಗುತ್ತಿಗೆದಾರ ಅರ್ಧಕ್ಕೆ ಕೈಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ 2017ರಲ್ಲಿ ಶುರುವಾದ ಈಜಿಪುರ ಫ್ಲೈಓವರ್ ನೋಡಿದರೆ ಸಾಕು. ಬರೀ ಎರಡೂವರೆ ಕಿ.ಮೀ. ಸೇತುವೆಯ ಕಂಬಗಳು ವರ್ಷಗಟ್ಟಲೆ ಸುಮ್ನೆ ನಿಂತಿದ್ದವು.

ಇಲಾಖೆಗಳು ಒಬ್ಬರಿಗೊಬ್ಬರು ಹೇಳದೆ ಕಟ್ಟಿದರೆ ಆಗುವ ನಷ್ಟ ಇನ್ನೂ ದೊಡ್ಡದು. ಜಯದೇವ ಜಂಕ್ಷನ್‌ನ ಫ್ಲೈಓವರ್ ಕಟ್ಟಿ ಹದಿನೈದು ವರ್ಷವೂ ಸರಿಯಾಗಿ ಬಾಳಲಿಲ್ಲ, ಮೆಟ್ರೊಗಾಗಿ 2020ರಲ್ಲಿ ಅದನ್ನು ಒಡೆದರು. ಈಗ ಅಲ್ಲಿ ಕೆಳಗೆ ರಸ್ತೆ, ಮೇಲೆ ರೈಲು ಇರುವ ಡಬಲ್ ಡೆಕ್ಕರ್ ಎದ್ದಿದೆ. ಎಲ್ಲ ಇಲಾಖೆಗಳನ್ನೂ ಒಂದೇ ಮೇಜಿಗೆ ತರಲೆಂದು ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಕಾಯ್ದೆಯನ್ನು 2022ರಲ್ಲಿ ಶಾಸನಸಭೆ ಪಾಸು ಮಾಡಿತು. ಕಾಯ್ದೆ ಚೆನ್ನಾಗಿದೆ, ಇನ್ನು ಅದಕ್ಕೆ ಹಲ್ಲು ಬರಬೇಕು.

ನಾವು ಎಲ್ಲಿ ಬಾಯಿ ಹಾಕಬಹುದು?

ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ 6.7 ಕಿ.ಮೀ. ಉಕ್ಕಿನ ಸೇತುವೆ ನೆನಪಿದೆಯಲ್ಲ? 1,791 ಕೋಟಿಯದ್ದು. 2016ರ ಅಕ್ಟೋಬರ್‌ನಲ್ಲಿ ಜನ ಬೀದಿಗಿಳಿದು ಮಾನವ ಸರಪಳಿ ಮಾಡಿದರು, 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಅಷ್ಟು ದೊಡ್ಡ ಹೋರಾಟ ಪ್ರತಿ ಸಲ ಸಾಧ್ಯವಿಲ್ಲ. ಸಿಎಂಪಿ ಕರಡು, ಮಾಸ್ಟರ್ ಪ್ಲ್ಯಾನ್ ಕರಡು ಹೊರಬಂದಾಗ ಆಕ್ಷೇಪಣೆ ಸಲ್ಲಿಸುವುದು ಸುಲಭದ ದಾರಿ. 50ಕ್ಕಿಂತ ಹೆಚ್ಚು ಮರ ಕಡಿಯಬೇಕಾದರೆ ಮರ ಅಧಿಕಾರಿ ಸಾರ್ವಜನಿಕರ ಅಭಿಪ್ರಾಯ ಕೇಳಲೇಬೇಕು, ಆ ಪ್ರಕಟಣೆಗೂ ಉತ್ತರ ಬರೆಯಬಹುದು.

ಡಿಪಿಆರ್ ವೆಬ್‌ಸೈಟಿನಲ್ಲಿ ಸಿಗದಿದ್ದರೆ ಆರ್‌ಟಿಐ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ವಿಷಯವೂ ಒಂದೇ ಇರಬೇಕು. ಹಾಗಾಗಿ ಸುತ್ತಿ ಬಳಸಿ ಬರೆಯಬೇಡಿ. ಪರ್ಯಾಯಗಳ ಹೋಲಿಕೆ ವರದಿಯ ಪ್ರತಿ, ಪ್ರಯಾಣಿಕರ ಅಂದಾಜಿನ ಅಧ್ಯಾಯದ ಪ್ರತಿ, ಹಣಕಾಸು ಅಧ್ಯಾಯದ ಪ್ರತಿ. ಯೋಜನೆಯ ಹೆಸರಿನ ಜೊತೆ ಇಷ್ಟು ಕೇಳಿದರೆ ಸಾಕು.