ಊಹೆಗೂ ಒಂದು ಖಾತೆ ತೆರೆದೆ

ದಾವಣಗೆರೆ ಎಪಿಎಂಸಿಯಲ್ಲಿ ನಮ್ಮದೊಂದು ಸಣ್ಣ ದಲ್ಲಾಳಿ ಅಂಗಡಿ. ಅಪ್ಪನ ಕಾಲದಲ್ಲಿ ಹತ್ತಿ ಜಾಸ್ತಿ, ನನ್ನ ಕಾಲದಲ್ಲಿ ಬರೀ ಮೆಕ್ಕೆಜೋಳ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರಿದು. ಹತ್ತಿ ಮಿಲ್ಲುಗಳು ಒಂದೊಂದಾಗಿ ಮುಚ್ಚಿದ್ದನ್ನು ನೆನೆದು "ನಂಗೆ ಆಗ್ಲೇ ಗೊತ್ತಿತ್ತು" ಅನ್ನುವ ಹಿರಿಯರು ಮಾರುಕಟ್ಟೆಯಲ್ಲಿ ಈಗಲೂ ಸಿಗುತ್ತಾರೆ. ಅಪ್ಪನೂ ಹಾಗೇ ಅನ್ನುತ್ತಾರೆ. ಆಗಲೇ ಬರೆದಿಟ್ಟ ಒಂದು ಚೀಟಿ ಮಾತ್ರ ಯಾರ ಹತ್ತಿರವೂ ಇಲ್ಲ.

ನಾನೂ ಅದೇ ಜಾತಿಯವನೇ. 2018ರಲ್ಲಿ ಸೈನಿಕ ಹುಳು ಬಂತು. ದೇಶದಲ್ಲಿ ಮೊದಲು ಕಂಡಿದ್ದೇ ನಮ್ಮ ಪಕ್ಕದ ಶಿವಮೊಗ್ಗದಲ್ಲಿ. ಸುಳಿಯೊಳಗೆ ಕೂತು ತಿನ್ನುವ ಆ ಹುಳು ನೋಡಿ "ಮೂರು ವರ್ಷದಲ್ಲಿ ಮೆಕ್ಕೆಜೋಳದ ಕಥೆ ಮುಗೀತು" ಎಂದು ಕಂಡವರಿಗೆಲ್ಲ ಹೇಳಿದೆ. ಬಾಡಿಗೆಗೆ ಹಿಡಿದಿದ್ದ ಗೋದಾಮನ್ನೂ ಬಿಟ್ಟುಕೊಟ್ಟೆ. ರೈತರು ಔಷಧಿ ಹೊಡೆದರು, ಬೈದುಕೊಂಡರು, ಮತ್ತೆ ಅದನ್ನೇ ಬಿತ್ತಿದರು. ಎರಡೇ ವರ್ಷಕ್ಕೆ ಅದೇ ಗೋದಾಮನ್ನು ಜಾಸ್ತಿ ಬಾಡಿಗೆ ಕೊಟ್ಟು ವಾಪಸ್ ಹಿಡಿದೆ. ಹೆಂಡತಿ ಕೇಳಿದಳು, "ಎಷ್ಟು ಗ್ಯಾರಂಟಿ ಇತ್ತು ನಿಮಗೆ?" ಉತ್ತರ ಬರಲಿಲ್ಲ.

ಅವತ್ತೇ ಒಂದು ಉದ್ದ ಖಾತೆ ಪುಸ್ತಕ ತಂದೆ. ನಿಯಮ ಸರಳ. ಊಹೆ ಬರೆಯಬೇಕು, ಯಾವ ತಾರೀಖಿನೊಳಗೆ ಅನ್ನುವುದು ಬರೆಯಬೇಕು, ನೂರಕ್ಕೆ ಎಷ್ಟು ನಂಬಿಕೆ ಅನ್ನುವುದನ್ನೂ ಬರೆಯಬೇಕು. "ಮುಂದೆ ರೇಟು ಏರಬಹುದು" ಅಂತ ಬರೆದರೆ ಅದು ಊಹೆಯೇ ಅಲ್ಲ, ಏಕೆಂದರೆ ಅದು ಯಾವತ್ತೂ ಸುಳ್ಳಾಗುವುದಿಲ್ಲ. "ಜನವರಿ 31ರೊಳಗೆ ಒಣಗಿದ ಒಳ್ಳೆ ಮಾಲು ಇಷ್ಟು ರೂಪಾಯಿ ದಾಟುತ್ತದೆ, 70" ಎಂದು ಬರೆಯಬೇಕು.

ಅಂಕ ಹಾಕುವ ವಿಧಾನ ಅಮೆರಿಕದ ಹವಾಮಾನ ಇಲಾಖೆಯ ಗ್ಲೆನ್ ಬ್ರಯರ್ ಎಂಬುವವರದ್ದು, 1950ರದ್ದು. ನೋಡಲು ಭಯ ಬೇಡ, ಅಂಕ ಕಡಿಮೆ ಬಂದಷ್ಟೂ ಊಹೆ ಒಳ್ಳೆಯದು. 70 (ಅಂದರೆ 0.7) ಎಂದು ಬರೆದಿದ್ದು ನಿಜವಾದರೆ ತಪ್ಪಿದ ಪಾಲು 0.3, ಅದರ ವರ್ಗ (ಅದನ್ನು ಅದರಿಂದಲೇ ಗುಣಿಸಿದ್ದು) 0.09. ನಿಜವಾಗದಿದ್ದರೆ 0.7ರ ವರ್ಗ, 0.49. ಸುಮ್ನೆ ಎಲ್ಲದಕ್ಕೂ 50 ಎಂದು ಬರೆದವನಿಗೆ ಯಾವಾಗಲೂ 0.25. ಅಂದರೆ ವರ್ಷದ ಸರಾಸರಿ 0.25ಕ್ಕಿಂತ ಜಾಸ್ತಿ ಬಂದರೆ ಕಣ್ಣು ಮುಚ್ಚಿ ಎಲ್ಲದಕ್ಕೂ 50 ಬರೆದಿದ್ದರೇ ವಾಸಿಯಿತ್ತು ಎಂದರ್ಥ. ನನ್ನ ಮೊದಲ ವರ್ಷದ ಸರಾಸರಿ 0.31. ಹದಿನೈದು ವರ್ಷ ವ್ಯಾಪಾರ ಮಾಡಿದವನು ಕಣ್ಣು ಮುಚ್ಚಿ 50 ಬರೆದವನಿಗಿಂತ ಕಡೆ! 90 ಎಂದು ಬರೆದ ಸಾಲುಗಳೇ ನನ್ನನ್ನು ಮುಳುಗಿಸಿದ್ದು, ಹತ್ತಿರ ಹತ್ತಿರ ಅರ್ಧಕ್ಕರ್ಧ ಸುಳ್ಳಾಗಿದ್ದವು.

ಆಮೇಲೆ ದೊಡ್ಡ ಸಹಾಯವಾಗಿದ್ದು ಅಪ್ಪನ ಹಳೇ ಲೆಕ್ಕದ ಪುಸ್ತಕಗಳು. ಅಟ್ಟದ ಮೇಲೆ ಇದ್ದವು, ಇಲಿ ತಿಂದದ್ದು ಬಿಟ್ಟು 22 ವರ್ಷದ್ದು ಸಿಕ್ಕವು. ಅಂಗಡಿಗೆ ಬಂದ ಆವಕ ಕಾಲು ಭಾಗಕ್ಕಿಂತ ಜಾಸ್ತಿ ಬಿದ್ದ ವರ್ಷ ಎಷ್ಟು ಎಂದು ಎಣಿಸಿದೆ. ಏಳು. ಈಗ ಪ್ರತಿ ವರ್ಷ ಮಾರ್ಚಿನಲ್ಲಿ, ಪೇಪರ್ ಓದುವ ಮೊದಲೇ, ಟೀವಿ ನೋಡುವ ಮೊದಲೇ, ಆವಕ ಬೀಳುವ ಸಾಧ್ಯತೆ ನೂರಕ್ಕೆ 32 (22ರಲ್ಲಿ ಏಳು) ಎಂದು ಬರೆದುಬಿಡುತ್ತೇನೆ. ಏಪ್ರಿಲ್‌ನಲ್ಲಿ ಹವಾಮಾನ ಇಲಾಖೆಯ ಮೊದಲ ಮುನ್ಸೂಚನೆ ಬಂದ ಮೇಲೆ ಸ್ವಲ್ಪ ಆಚೀಚೆ. ಸ್ವಲ್ಪವೇ ಯಾಕೆ ಅಂದರೆ, 2023ರಲ್ಲಿ ಇಲಾಖೆ ದೇಶಕ್ಕೆ ವಾಡಿಕೆಯ ನೂರಕ್ಕೆ 96 ಭಾಗ ಮಳೆ ಎಂದಿತು, ಬಂದದ್ದು 94. ದೇಶದ ಲೆಕ್ಕದಲ್ಲಿ ಅದು ಒಳ್ಳೆ ಊಹೆಯೇ. ಕರ್ನಾಟಕದಲ್ಲಿ ಮಾತ್ರ ಭೀಕರ ಬರ. ದೆಹಲಿಯ ಸರಾಸರಿ ಜಗಳೂರಿನ ಹೊಲಕ್ಕೆ ಹನಿಯುವುದಿಲ್ಲ.

ಇನ್ನು ಎಥನಾಲ್ ಕಥೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪೆಟ್ರೋಲಿಗೆ ನೂರಕ್ಕೆ 20 ಭಾಗ ಎಥನಾಲ್ (ಕಬ್ಬು, ಕಾಳುಗಳಿಂದ ಮಾಡುವ ಮದ್ಯಸಾರ) ಬೆರೆಸುವ ಗುರಿಯನ್ನು ಕೇಂದ್ರ ಸರ್ಕಾರ 2030ರಿಂದ 2025-26ಕ್ಕೆ ಹಿಂದಕ್ಕೆ ತಂದಿತ್ತು. 2023ರ ಡಿಸೆಂಬರ್‌ನಲ್ಲಿ ಕಬ್ಬಿನ ಹಾಲಿನಿಂದ ಎಥನಾಲ್ ಮಾಡುವುದಕ್ಕೆ ಕಡಿವಾಣ ಬಿತ್ತು. ಕಾರ್ಖಾನೆಗಳು ಮೆಕ್ಕೆಜೋಳದ ಕಡೆ ತಿರುಗಿದವು. ಕೋಳಿ ಆಹಾರದವರಿಗೂ ಅದೇ ಬೇಕು, ಸ್ಟಾರ್ಚ್‌ನವರಿಗೂ ಅದೇ ಬೇಕು. ರೇಟು ಏರುತ್ತದೆ ಎಂದು ಬರೆದೆ, ಏರಿತು. ಸೊಕ್ಕು ತಲೆಗೇರಿತು ಅಲ್ವಾ? 2025ರ ಜೂನ್‌ನಲ್ಲಿ ಬರೆದೆ: "ನವೆಂಬರ್ 30ರೊಳಗೆ ರೇಟು ಸರ್ಕಾರದ ಬೆಂಬಲ ಬೆಲೆಯಾದ ಕ್ವಿಂಟಲ್‌ಗೆ 2,400 ರೂಪಾಯಿಗಿಂತ ಕೆಳಗೆ ಹೋಗಲ್ಲ, 85."

ಅದೇ ವಾರ ಹರಪನಹಳ್ಳಿ ಕಡೆಯ ಒಬ್ಬ ಹಳೇ ಗಿರಾಕಿ ಮೆಕ್ಕೆಜೋಳದ ಬೀಜದ ಚೀಲ ಹೊತ್ತು ಅಂಗಡಿ ಮುಂದೆ ಹೋಗುತ್ತಿದ್ದರು. "ಈ ಸಲ ನಮ್ಮೂರಾಗ ಎಲ್ರೂ ಇದನ್ನೇ ಹಾಕ್ಯಾರ್ರೀ ಸಾವ್ಕಾರ್ರೆ" ಎಂದರು. ಟೀ ಕುಡಿಸಿ ಕಳಿಸಿದೆ. ಪುಸ್ತಕ ತೆಗೆಯಲಿಲ್ಲ. ನವೆಂಬರ್ ಹೊತ್ತಿಗೆ ರೇಟು 2,000ಕ್ಕಿಂತ ಕೆಳಗೆ, ರೈತರು ಬೀದಿಗೆ. ಅಂಕ 0.72.

ಬೇಡಿಕೆಯ ಬಗ್ಗೆ ನಾನು ಹೇಳಿದ್ದು ಸುಳ್ಳಾಗಿರಲಿಲ್ಲ, ಎಥನಾಲ್‌ಗೆ ಮೆಕ್ಕೆಜೋಳ ಹೋಗುತ್ತಲೇ ಇತ್ತು. ಆದರೆ ನನಗೆ ಕಂಡದ್ದು ಪ್ರತಿ ಹಳ್ಳಿಯ ಕಟ್ಟೆ ಮೇಲೆ ಕೂತವರಿಗೂ ಕಂಡಿತ್ತು. ಹೋದ ವರ್ಷದ ರೇಟು ನೋಡಿ ಈ ವರ್ಷ ಬಿತ್ತುವುದು ಹೊಸದೇನಲ್ಲ, ಈರುಳ್ಳಿಯಲ್ಲಿ ಚಿತ್ರದುರ್ಗದವರು ಎಷ್ಟು ಸಲ ಸುಟ್ಟುಕೊಂಡಿಲ್ಲ! ಈಗ ಏರುವ ಊಹೆ ಬರೆದಾಗಲೆಲ್ಲ ಪಕ್ಕದಲ್ಲಿ ಇನ್ನೊಂದು ಸಾಲು ಬರೆಯುತ್ತೇನೆ: "ಇದು ಇನ್ಯಾರಿಗೆ ಗೊತ್ತು? ಅವರು ಏನು ಮಾಡುತ್ತಾರೆ?" ಜೂನ್‌ನಲ್ಲಿ ನಾಲ್ಕು ಬೀಜದ ಅಂಗಡಿಗೆ ಹೋಗಿ ಯಾವ ಚೀಲ ಖಾಲಿ ಎಂದು ಕೇಳಿಕೊಂಡು ಬರುತ್ತೇನೆ. ಮೊಬೈಲ್‌ನಲ್ಲಿ ಬರುವ ಮಾರುಕಟ್ಟೆ ಪಂಡಿತರ ವೀಡಿಯೊ ಮಾತ್ರ ಬಿಟ್ಟೇಬಿಟ್ಟೆ.

ಇನ್ನೊಂದು ಬದಲಾವಣೆ ಮಾಡಿದ್ದೇನೆ. ನಮ್ಮ ಗುಮಾಸ್ತನೂ ಬೇರೆ ಪುಸ್ತಕದಲ್ಲಿ ಬರೆಯುತ್ತಾನೆ. ಬರೆದು ಮುಗಿಸುವವರೆಗೆ ಒಬ್ಬರದ್ದು ಒಬ್ಬರು ನೋಡುವಂತಿಲ್ಲ, ಯಾಕಂದರೆ ನಾನು ಮೊದಲು ಬಾಯಿಬಿಟ್ಟರೆ ಅವನು "ಹೌದು ಸಾವ್ಕಾರ್ರೆ" ಅನ್ನುತ್ತಾನೆ ಅಷ್ಟೇ. ಎರಡನ್ನೂ ಕೂಡಿಸಿ ಅರ್ಧ ಮಾಡಿದ ಸಂಖ್ಯೆಯ ಮೇಲೆ ಮಾಲು ಹಿಡಿಯಬೇಕೋ ಬಿಡಬೇಕೋ ಎಂದು ತೀರ್ಮಾನಿಸುತ್ತೇವೆ. ಹೋದ ವರ್ಷ ನನ್ನದು 0.22, ಅವನದು 0.17. ಮೊನ್ನೆ ಅವನ ಪುಸ್ತಕ ತೆಗೆದು ನೋಡಿದರೆ ಹೊಸ ಸಾಲೊಂದು ಸೇರಿತ್ತು: "ದೀಪಾವಳಿಯೊಳಗೆ ಸಾವ್ಕಾರ್ರು ಸಂಬಳ ಏರಿಸುತ್ತಾರೆ, 60."